ಅಪ್ಪ ರುಮಾಲಿಲ್ಲದೆ ಬಂದ ದಿನ

ರಾಜ್ಯ ಗೆದ್ದವರು ಸೋತವರ ಬಾಳನ್ನು ಹೇಗೆ ತಿಂದುಹಾಕಿದರು ಎಂಬ ಕಾದಂಬರಿಗಳನ್ನು ಮೊಮ್ಮಗಳು ತಂದುಕೊಡುತ್ತಾಳೆ. ಓದುತ್ತೇನೆ, ಓದಿ ಸಿಟ್ಟಾಗುತ್ತೇನೆ. ಎಲ್ಲದರಲ್ಲೂ ಕುದುರೆ, ತೋಪು, ಉರಿಯುವ ಊರು. ನಮ್ಮೂರಿಗೆ ಯಾರೂ ಬೆಂಕಿ ಹಚ್ಚಲಿಲ್ಲ. ಹಾಗಾದರೆ ನಮ್ಮದು ಹೋದದ್ದು ಹೇಗೆ, ಅದನ್ನು ಬರೆಯುವವರು ಯಾರು? ನಾನೇ ಬರೆಯುತ್ತೇನೆ, ಬಿಡಿ.

ನಮ್ಮದು ಮಸ್ಕಿಗೂ ಲಿಂಗಸುಗೂರಿಗೂ ನಡುವಿನ ಹಳ್ಳಿ. ನಿಜಾಮರ ಕಾಲ. ಗಂಡಸಾದವನು ತಲೆಗೆ ರುಮಾಲು ಸುತ್ತದೆ ಹೊಸ್ತಿಲು ದಾಟುತ್ತಿರಲಿಲ್ಲ. ಸತ್ತ ಸುದ್ದಿಯನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವ ಪದ್ಧತಿಯೇ ಇರಲಿಲ್ಲ. ಸುದ್ದಿ ತಂದವನು ರುಮಾಲು ತೆಗೆದು, ಬರಿತಲೆಯಲ್ಲಿ ಮನೆಯತ್ತ ನಡೆದು ಬರುತ್ತಿದ್ದ. ದೂರದಿಂದ ಆ ತಲೆ ಕಂಡರೆ ಸಾಕು, ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ಪಾಪ, ಹೇಳುವವನಿಗೂ ಅದೊಂದು ಉಪಕಾರ.

ಆ ವರ್ಷ ಅಣ್ಣನನ್ನು ಹಿಡಿದುಕೊಂಡು ಹೋಗಿದ್ದರು. ಅವನು ಮಾಡಿದ ಘನಂದಾರಿ ತಪ್ಪು ಏನೆಂದರೆ, ಸಂಜೆ ಮಠದ ಕಟ್ಟೆಯ ಮೇಲೆ ಊರ ಹುಡುಗರನ್ನು ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸುತ್ತಿದ್ದದ್ದು. ಸರ್ಕಾರಿ ಶಾಲೆಯಲ್ಲಿ ಉರ್ದು. ಅಪ್ಪಣೆಯಿಲ್ಲದೆ ಬೇರೆ ಶಾಲೆ ನಡೆಸುವಂತಿಲ್ಲ. ಲಿಂಗಸುಗೂರಿನಲ್ಲಿ ಕೂಡಿಹಾಕಿದ್ದರು. ಒಳಗೆ ವಿಪರೀತ ಹೊಡೆಯುತ್ತಾರೆಂದು ಸಂತೆಗೆ ಹೋಗಿಬಂದವರು ಹೇಳುತ್ತಿದ್ದರು. ಅತ್ತಿಗೆ ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಗಂಟಲಲ್ಲಿ ತುತ್ತು ಇಳಿಯದೆ ಒಣಗಿಹೋಗಿದ್ದಳು.

ಒಂದು ನಸುಕಿನಲ್ಲಿ ಅಪ್ಪ ಎದ್ದು, ಹಬ್ಬಕ್ಕೆಂದು ಮಡಿಚಿಟ್ಟಿದ್ದ ಕೆಂಪು ಅಂಚಿನ ರುಮಾಲು ಸುತ್ತಿಕೊಂಡ.

"ದೊಡ್ಡ ಸಾಹೇಬ್ರನ್ನ ಕಾಣ್ತೀನಿ. ಬಿಡಿಸ್ಕೊಂಡೇ ಬರ್ತೀನಿ," ಎಂದ.

"ನಿಮಗ ಉರ್ದು ಬರಂಗಿಲ್ಲ, ಏನಂತ ಕೇಳ್ತೀರಿ?" ಎಂದಳು ಅವ್ವ.

"ಮಾತು ಬರದಿದ್ರ ಏನಾತು, ತಲಿಮ್ಯಾಲ ರುಮಾಲೈತಲ್ಲ," ಎಂದು ಅಪ್ಪ ಹೊರಟ.

ಹಗಲೆಲ್ಲ ನಾವು ಮೂವರು ಹೆಂಗಸರು ಬಾಗಿಲಲ್ಲೇ ಇದ್ದೆವು. ನಾದಿಟ್ಟ ಜೋಳದ ಹಿಟ್ಟು ಹಾಗೇ ಒಣಗಿತು. ಹೊತ್ತು ಇಳಿಯುವಾಗ ಹಳ್ಳದ ಏರಿನಲ್ಲಿ ಒಬ್ಬ ಮನುಷ್ಯ ಕಂಡ. ಒಬ್ಬನೇ. ನಡಿಗೆ ಅಪ್ಪನದು. ತಲೆ ಬರಿದು.

"ಅಯ್ಯೋ ಶಿವನೇ!" ಅವ್ವ ಬಾಗಿಲ ಚೌಕಟ್ಟು ಹಿಡಿದು ಕುಸಿದಳು. ಅತ್ತಿಗೆ ಎರಡೂ ಕೈ ಎತ್ತಿ ಕಟ್ಟೆಯ ಕಲ್ಲಿಗೆ ಅಪ್ಪಳಿಸಿದಳು. ಹಸಿರು ಬಳೆಗಳು ಚೂರುಚೂರಾಗಿ ಅಂಗಳದ ತುಂಬ ಚೆಲ್ಲಿದವು. ನಾನು ಹಿಡಿಯಹೋದರೆ ನೂಕಿದಳು. ಮಣಿಕಟ್ಟಿನಿಂದ ರಕ್ತ ಇಳಿಯುತ್ತಿತ್ತು. ಓಣಿಯ ಹೆಂಗಸರು ಬಂದು ಸೇರಿ ದನಿ ತೆಗೆದು ಅಳತೊಡಗಿದರು.

ಅಪ್ಪ ಓಡೋಡುತ್ತ ಬಂದ. "ಏನಾತು? ಯಾರಿಗೇನಾತು?" ಎಂದು ನಮ್ಮನ್ನೇ ಕೇಳಿದ!

"ನನ್ನ ಮಗ ಎಲ್ಲದಾನ್ರೀ?" ಅವ್ವ ಚೀರಿದಳು.

"ಬಿಟ್ಟಾರ! ಹಳ್ಳದಾಗ ಜಳಕ ಮಾಡಾಕತ್ತಾನ. ಅಲ್ಲೀ ಹೊಲಸು ತೊಳಕೊಂಡು ಮನಿಗೆ ಬಾ ಅಂದೀನಿ. ನಿಮಗ ಮೊದಲ ಹೇಳೂಣಂತ ನಾ ಮುಂದ ಬಂದೆ..."

ಅಷ್ಟರಲ್ಲಿ ಅವನಿಗೆ ಅತ್ತಿಗೆಯ ಕೈ ಕಂಡಿತು. ಅವನ ಕೈ ತಾನಾಗಿ ತಲೆಗೆ ಹೋಯಿತು. ತಲೆ ಬರಿದಾಗಿದೆಯೆಂಬುದು ಅವನಿಗೆ ನೆನಪಾದದ್ದೇ ಆಗ.

ಹಸಿ ಕೂದಲಿನಲ್ಲಿ ಅಣ್ಣ ಬಂದು ನಿಂತ. ಅವ್ವ ತನ್ನ ಬಳೆಗಳನ್ನು ಚರ್ಮ ಸುಲಿಯುವಂತೆ ಎಳೆದು ತೆಗೆದು ಅತ್ತಿಗೆಯ ಕೈಗೆ ತೊಡಿಸಿದಳು. ಆಮೇಲೆ ಅಪ್ಪನ ಮೇಲೆ ಹರಿಹಾಯ್ದಳು.

"ರುಮಾಲು ಎಲ್ಲಿ ಕಳಕೊಂಡು ಬಂದ್ರಿ? ಗಂಡ ಇರೂ ಹುಡುಗಿ ಕೈಬಳಿ ಒಡಿಸಿದ್ರಲ್ಲ, ನಿಮಗ ಖಬರ್ ಇಲ್ಲೇನ್ರೀ?"

ಅಪ್ಪ ಬಗ್ಗಿ ಬಳೆಚೂರು ಆಯತೊಡಗಿದ. ನಡೆದದ್ದನ್ನು ಹೇಳಿದವನು ಅಣ್ಣ. ಅಪ್ಪ ಸಾಹೇಬರ ಕಾಲ ಬಳಿ ರುಮಾಲು ಇಟ್ಟು ಬೇಡಿಕೊಂಡಿದ್ದ. ನಮ್ಮ ಕಡೆ ಅದಕ್ಕಿಂತ ದೊಡ್ಡ ಬೇಡಿಕೆಯಿಲ್ಲ. ಬೇಡಿದ್ದನ್ನು ನಡೆಸಿಕೊಡಲಿ ಬಿಡಲಿ, ಎದುರಿನವನು ರುಮಾಲನ್ನೆತ್ತಿ ಇಟ್ಟವನ ತಲೆಗಿಡಲೇಬೇಕು. ಇಟ್ಟವನು ತಾನೇ ಎತ್ತಿಕೊಳ್ಳುವಂತಿಲ್ಲ. ಸಾಹೇಬರು ದೂರದ ಊರಿನವರು. ಇನ್ನು ಕನ್ನಡ ಕಲಿಸುವುದಿಲ್ಲವೆಂದು ಅಣ್ಣನಿಂದ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಎದ್ದು, ರುಮಾಲನ್ನು ದಾಟಿಕೊಂಡು ಊಟಕ್ಕೆ ಹೋದರು. ಮಸ್ಕಿಯ ಕಡೆಯ ಜವಾನನೊಬ್ಬ ಅದನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು, "ಗೌಡ್ರ, ಅವ್ರಿಗೆ ಗೊತ್ತಿಲ್ರೀ. ನಾನರ ಕೊಡ್ತೀನಿ, ಇಸ್ಕೋರ್ರಿ," ಎಂದು ಗೋಗರೆದನಂತೆ. ಅಪ್ಪ ತೆಗೆದುಕೊಳ್ಳಲಿಲ್ಲ.

"ಒದ್ದಿದ್ರೂ ಸಮಾಧಾನ ಇತ್ತು," ಎಂದು ಅಪ್ಪ ಕೊನೆಗೆ ಬಾಯಿಬಿಟ್ಟ. "ಒದಿಯಾಂವಗ ಅದು ಏನಂತ ಗೊತ್ತಿರ್ತದ. ಅವ್ರಿಗೆ ಅದು ಬರೇ ಅರಿಬಿ."

ಮತ್ತೆ ಅವನು ರುಮಾಲು ಸುತ್ತಲೇ ಇಲ್ಲ. ಅವನ ಬರಿತಲೆ ಕಂಡು ಓಣಿಯವರು ಮೊದಮೊದಲು ಬೆಚ್ಚುತ್ತಿದ್ದರು, ಆಮೇಲೆ ರೂಢಿಯಾಯಿತು. ಮಠದ ಕಟ್ಟೆ ಖಾಲಿಯಾಯಿತು. ಅಣ್ಣ ಉರ್ದು ಕಲಿತು ಲಿಂಗಸುಗೂರಿನಲ್ಲಿ ಕಾರಕೂನನಾದ, ಕರಿ ಗೊಂಡೆಯ ಕೆಂಪು ಟೊಪ್ಪಿಗೆ ಹಾಕಿದ. ಅತ್ತಿಗೆಯನ್ನೂ ಕರೆದುಕೊಂಡು ಹೋದ. ಅವನನ್ನು ನೋಡಿ ಊರ ಹುಡುಗರೂ ರುಮಾಲು ಬಿಟ್ಟರು. ಕೆಲವರು ಟೊಪ್ಪಿಗೆ ಹಾಕಿದರು, ಕೆಲವರು ಬರಿತಲೆಯಲ್ಲೇ ತಿರುಗಿದರು. ಚಂದ ಕಾಣುತ್ತಿದ್ದರು, ಸುಳ್ಳೇಕೆ ಹೇಳಲಿ.

ಮುಂದೊಂದು ಬೇಸಿಗೆಯಲ್ಲಿ ಅಪ್ಪ ಎದೆನೋವೆಂದು ದವಾಖಾನೆಗೆ ತೋರಿಸಲು ಅಣ್ಣನ ಮನೆಗೆ ಹೋಗಿದ್ದ. ಅವ್ವನೂ ನಾನೂ ಕಟ್ಟೆಯ ಮೇಲೆ ಕುಳಿತು ಕಾಳು ಹಸನು ಮಾಡುತ್ತಿದ್ದೆವು. ಅದೇ ಹಳ್ಳದ ಏರಿನಲ್ಲಿ ಅಣ್ಣ ಬರುತ್ತಿದ್ದ. ಟೊಪ್ಪಿಗೆ ತೆಗೆದು ಎದೆಗೆ ಹಿಡಿದಿದ್ದ. ಪದ್ಧತಿ ಅವನಿಗೆ ನೆನಪಿತ್ತು. ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಮಗನನ್ನು ಕಂಡು ಮುಖ ಅರಳಿತು.

"ಏ ತಮ್ಮಾ, ಉರಿಬಿಸಿಲಾಗ ಟೊಪಗಿ ಯಾಕ ತಗದೀಯೋ? ಹಾಕ್ಕೋ," ಎಂದು ಕೂಗಿದಳು. "ನಿಮ್ಮಪ್ಪ ಹೆಂಗದಾರ?"

ಅಣ್ಣ ಅಂಗಳದ ನಡುವೆ ನಿಂತು ಬಾಯಿ ತೆರೆದ, ಮುಚ್ಚಿದ. ನಾವಿಬ್ಬರೂ ಅವನ ಬಾಯಿಯನ್ನೇ ನೋಡುತ್ತ ಕಾದೆವು. ಆ ಮಾತನ್ನು ಹೇಗೆ ಹೇಳಬೇಕೆಂದು ನಮ್ಮೂರಲ್ಲಿ ಯಾರೂ ಅವನಿಗೆ ಕಲಿಸಿರಲಿಲ್ಲ.