ಘಾಟಿ ಹತ್ತಬೇಕಿದ್ದ ಹಸಿರು ಪಿಕಪ್

ಬೆಟ್ಟದ ಮೇಲಿನ ರಾಟನ್ ಊರಿನಲ್ಲಿ ಮೂವತ್ತೊಂದು ವರ್ಷ ನೀರಿನ ಮೀಟರು ಓದಿದ ಡೆಲ್ಮರ್ ಟಿಬೆಟ್ಸ್, ನಿವೃತ್ತನಾದ ಮೇಲೂ ಜೇಬಿನ ಪುಟ್ಟ ನೋಟ್‌ಬುಕ್ಕನ್ನು ಬಿಟ್ಟವನಲ್ಲ. ಅವನದೊಂದು ಹಳೆಯ ಹಸಿರು ಪಿಕಪ್ ಇತ್ತು. ದಿನಸಿಗೆ, ಚರ್ಚಿಗೆ, ಸೌದೆಗೆ, ಎಲ್ಲಕ್ಕೂ ಅದೇ. ಆದರೆ ಹೆಂಡತಿ ನೇಡೀನ್ ಆರು ವರ್ಷದಿಂದ ಅದರಲ್ಲಿ ಕೂತಿರಲಿಲ್ಲ.

ಕಾರಣ, ಊರಾಚೆಯ ಘಾಟಿ. ಅದರಾಚೆಯ ಟ್ರಿನಿಡಾಡ್ ಊರಿನಲ್ಲಿರುವ ಅವಳ ತಂಗಿಯ ಮನೆಗೆ ಹೊರಟಿದ್ದ ದಿನ, ರಿಪೇರಿಯಿಂದಾಗಿ ರಸ್ತೆಯ ಒಂದೇ ಸಾಲು ತೆರೆದಿತ್ತು; ಹಿಂದಿನವರು ದಾಟಿಹೋಗುವಂತಿರಲಿಲ್ಲ. ಪಿಕಪ್ ಏರಿನಲ್ಲಿ ಏದುಸಿರು ಬಿಡುತ್ತ ತೆವಳಿತು. ಹಿಂದಿದ್ದ ದನದ ಲಾರಿಯವನು ತುದಿ ಮುಟ್ಟುವವರೆಗೂ ಹಾರ್ನ್ ಒತ್ತಿದ.

"ಇದು ಮರ್ಯಾದೆಯಾಗಿ ಘಾಟಿ ಹತ್ತೋ ಹಾಗಾದ ದಿನ ಹೇಳು, ಬರ್ತೀನಿ," ಎಂದು ಇಳಿದವಳು ಅಂದಿನಿಂದ ತನ್ನ ಪುಟ್ಟ ಕಾರಿನಲ್ಲೇ ಹೋಗಿಬರುತ್ತಿದ್ದಳು. ಖಾಲಿ ಸೀಟು ಡೆಲ್ಮರ್‌ಗೆ ಅಭ್ಯಾಸವಾಗಲೇ ಇಲ್ಲ.

ಎಂಜಿನ್ನಿನ ಬಲ ಹೆಚ್ಚಿಸಲು ಅವನು ಮೊದಲು ಕೇಳಿದ್ದು ಗೆಳೆಯ ಬರ್ಲ್‌ನನ್ನು. ಬರ್ಲ್‌ನ ಪಿಕಪ್ ನಿಂತಲ್ಲೇ ಗುಡುಗುತ್ತ ನಡುಗುತ್ತಿತ್ತು. ಅವನ ಹೆಮ್ಮೆಯೇ ಅದು.

"ದೊಡ್ಡ ಕಾರ್ಬ್ಯುರೇಟರ್ ಹಾಕು. ನನ್ನ ಹಳೇದು ಬಿದ್ದಿದೆ, ತಗೊಂಡು ಹೋಗು. ಆಮೇಲೆ ವಾಲ್ವ್ ತೆರೆದು ಮುಚ್ಚೋ ಕ್ಯಾಮ್ ಶಾಫ್ಟ್, ಅದೂ ನನ್ನಂಥದ್ದೇ. ಸಿಗ್ನಲ್ಲಲ್ಲಿ ನಿಂತ್ರೆ ಅಂಗಡಿ ಕಿಟಕಿ ಅಲ್ಲಾಡ್ಬೇಕು ಕಣೋ."

ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಆ ದೊಡ್ಡ ಕಾರ್ಬ್ಯುರೇಟರನ್ನು ಡೆಲ್ಮರ್ ಹಾಕಿದ. ಮರುದಿನ ಬೆಳಿಗ್ಗೆ ರೊಟ್ಟಿ ಸುರುಳಿಯ ಬರಿಟೋ ಮಾರುವ ಅಂಗಡಿಯ ಮುಂದೆ ಸಿಗ್ನಲ್ ಹಸಿರಾಯಿತು. ಅವನು ಪೆಡಲ್ ತುಳಿದ. ಪಿಕಪ್ ಎರಡು ಸಲ ಕೆಮ್ಮಿ ಸತ್ತುಹೋಯಿತು. ಹೊರಗೆ ಕೂತು ತಿನ್ನುತ್ತಿದ್ದವನೊಬ್ಬ ಎದ್ದು ನಿಂತು, ಶವಯಾತ್ರೆಗೆ ಗೌರವ ಸಲ್ಲಿಸುವವನಂತೆ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

ಹೇಗೋ ಮತ್ತೆ ಶುರುಮಾಡಿಕೊಂಡು ಅವನು ಅಲ್ಲಿಂದ ನೇರ ಹೋದದ್ದು ಕಾನಿ ಆರ್ಚುಲೆಟಾಳ ಎಂಜಿನ್ ಗ್ಯಾರೇಜಿಗೆ. ಕಾನಿ ಬಾನೆಟ್ ಎತ್ತಿ ನೋಡಿ ನಕ್ಕಳು.

"ಈ ಎತ್ತರದಲ್ಲಿ ಗಾಳಿನೇ ತೆಳು, ಮಿಸ್ಟರ್ ಟಿಬೆಟ್ಸ್. ಬಾಯಿ ದೊಡ್ಡದು ಮಾಡಿದ್ರೆ ಗಾಳಿ ಜಾಸ್ತಿಯಾಗುತ್ತಾ? ಅದಿರ್ಲಿ, ನೀವು ಓಡಿಸುವಾಗ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ?"

"ಗೊತ್ತಿಲ್ಲ."

"ಮೂವತ್ತು ವರ್ಷ ನಮ್ಮನೆ ನೀರು ಅಳೆದವರು ನೀವು. ಇದನ್ನೂ ಅಳೀರಿ."

ಡೆಲ್ಮರ್‌ಗೆ ನಾಚಿಕೆಯೂ ಆಯಿತು, ಹುಮ್ಮಸ್ಸೂ ಬಂತು. ಹಳೆಯ ಕಾರ್ಬ್ಯುರೇಟರನ್ನೇ ಮರಳಿ ಕೂರಿಸಿ, ಸುತ್ತು ತೋರಿಸುವ ಮೀಟರೊಂದನ್ನು ಡ್ಯಾಶ್‌ಬೋರ್ಡಿಗೆ ಬಿಗಿದ. ಎರಡು ವಾರ ಪ್ರತಿ ಸಿಗ್ನಲ್, ಪ್ರತಿ ಏರು ದಾಟಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ ಬರೆದುಕೊಂಡ. ಇನ್ನೂರ ಹನ್ನೆರಡು ನಮೂದುಗಳಾದವು. ಹೆಚ್ಚಿನವು ಸಾವಿರದ ನಾನೂರರಿಂದ ಎರಡು ಸಾವಿರದ ಇನ್ನೂರರ ನಡುವೆ ಇದ್ದವು. ಮೂರು ಸಾವಿರ ದಾಟಿದ್ದು ಒಂದೇ ಸಲ, ಅದೂ ನಾಯಿ ಅಟ್ಟಿಸಿಕೊಂಡು ಬಂದಾಗ.

ಕಾನಿ ಪುಟಗಳನ್ನು ಮಗುಚಿದಳು. "ಬರ್ಲ್ ಹೇಳಿದ ಕ್ಯಾಮ್ ಎಚ್ಚರವಾಗೋದೇ ನಾಲ್ಕು ಸಾವಿರ ಸುತ್ತಿನ ಹತ್ರ. ನೀವು ಆ ಕಡೆ ತಲೆನೇ ಹಾಕಲ್ಲ. ಯಾರೂ ಇಲ್ಲದ ಬೀದಿಗೆ ನಲ್ಲಿ ಹಾಕಿಸಿದ ಹಾಗಾಗುತ್ತೆ."

ಹಾಗಾಗಿ ಆಯ್ಕೆ ಸುಲಭವಾಯಿತು. ಕಡಿಮೆ ಸುತ್ತಿನಲ್ಲೇ ಎಳೆತ ಕೊಡುವ ಸಾಧಾರಣ ಕ್ಯಾಮ್, ಹೊಗೆ ಸಲೀಸಾಗಿ ಹೊರಹೋಗಲು ಅಗಲವಾದ ಕೊಳವೆ, ಹಿಂದಿನ ಚಕ್ರಗಳ ಅಚ್ಚಿಗೆ ಏರು ಹತ್ತಲು ತಕ್ಕ ಗೇರು. ಕಾರ್ಬ್ಯುರೇಟರ್ ಹಳೆಯದೇ, ತೆಳುಗಾಳಿಗೆ ಹೊಂದಿಸಿದ್ದು.

ಎಲ್ಲ ಕೂರಿಸಿ ಮುಗಿದ ಮೇಲೆ ಬರ್ಲ್ ಬಂದು ಬಾನೆಟ್ಟಿಗೆ ಕಿವಿಯಿಟ್ಟ. "ಇಷ್ಟು ಖರ್ಚು ಮಾಡಿ ಹೊಲಿಗೆ ಮಿಶಿನ್ ಮಾಡಿಸಿಕೊಂಡ್ಯಲ್ಲೋ."

ಡೆಲ್ಮರ್ ನೋಟ್‌ಬುಕ್ ತೆಗೆದುಕೊಂಡು ಹೊರಟ. ಮೊದಲು ಒಬ್ಬನೇ ಮೂರು ಸಲ ಘಾಟಿ ಹತ್ತಿಳಿದು ಸುತ್ತು, ವೇಗ ಎರಡನ್ನೂ ಬರೆದುಕೊಂಡ. ಭಾನುವಾರ ಚರ್ಚು ಮುಗಿದ ಮೇಲೆ ನೇಡೀನ್‌ಗೆ ಆ ಪುಟ ತೋರಿಸಿದ.

"ಇದೇನು, ನನಗೂ ನೀರಿನ ಬಿಲ್ಲಾ?" ಎಂದವಳು ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೂ ಓದಿದಳು. ಆಮೇಲೆ ತಂಗಿಗೆಂದು ಮಾಡಿದ್ದ ಸೇಬಿನ ಪೈಯನ್ನು ಮಡಿಲಲ್ಲಿಟ್ಟುಕೊಂಡು ಪಿಕಪ್ ಹತ್ತಿ ಕೂತಳು.

ಏರು ಶುರುವಾಯಿತು. ನೇಡೀನ್ ರಸ್ತೆ ನೋಡಲಿಲ್ಲ, ಪಕ್ಕದ ಕನ್ನಡಿಯನ್ನೇ ನೋಡುತ್ತಿದ್ದಳು. ಹಿಂದೆ ಯಾರೂ ಹತ್ತಿರ ಬರಲಿಲ್ಲ. ಸುತ್ತಿನ ಮೀಟರಿನ ಸೂಜಿ ಎರಡು ಸಾವಿರದ ನಾನೂರರಲ್ಲಿ ನಿಂತಿತ್ತು; ಮಾತಾಡಿದರೆ ಕೇಳಿಸುವಷ್ಟು ಸದ್ದು ಕಡಿಮೆಯಿತ್ತು.

ಅರ್ಧ ದಾರಿಯಲ್ಲಿ ಮುಂದೆ ದನದ ಲಾರಿಯೊಂದು ತೆವಳುತ್ತಿತ್ತು.

"ಆ ಕಡೆ ಸಾಲು ಖಾಲಿ ಇದೆ," ಎಂದಳು ನೇಡೀನ್, ಹೊರಗೆ ನೋಡುತ್ತಲೇ.

ಡೆಲ್ಮರ್ ಪೆಡಲ್ ಒತ್ತಿದ. ಪಿಕಪ್ ಲಾರಿಯ ಪಕ್ಕಕ್ಕೆ ಬಂತು, ಸಮವಾಯಿತು, ಮುಂದಾಯಿತು. ಆಗ ನೇಡೀನ್ ಒಂದು ಕೈಯಲ್ಲಿ ಪೈ ಹಿಡಿದುಕೊಂಡೇ ಅವನತ್ತ ಬಾಗಿ, ಸ್ಟೀರಿಂಗ್ ನಡುವಿನ ಹಾರ್ನನ್ನು ಒಂದೇ ಒಂದು ಸಲ, ಮೆತ್ತಗೆ ಒತ್ತಿದಳು.

"ಇದನ್ನೂ ಬರ್ಕೋ," ಎಂದಳು.