ಬೆಂಚಿನ ಮುಂದೆ ಹೇಳಿದ ಸುಳ್ಳು

ಕೊಪ್ಪದ ಆ ಡಾಕ್ಟರ ಕೋಣೆಯೊಳಗೇ ಒಂದು ಬೆಂಚಿತ್ತು. ಮುಂದಿನ ಮೂವರು ರೋಗಿಗಳು ಅದರ ಮೇಲೆ ಕೂತು, ಎದುರಿನವನ ಕಾಯಿಲೆಯನ್ನು ಪೂರ್ತಿ ಕೇಳಿಸಿಕೊಂಡೇ ತಮ್ಮ ಸರದಿಗೆ ಏಳುತ್ತಿದ್ದರು. ಅದನ್ನು ಯಾರೂ ತಪ್ಪೆಂದುಕೊಂಡಿರಲಿಲ್ಲ. ನನ್ನ ಗ್ರಹಚಾರಕ್ಕೆ ಅವತ್ತು ಬಿಪಿ ನೋಡಿಸಲು ಬಂದ ನನ್ನ ಮಾವ, ಹೆಂಡತಿಯ ಅಪ್ಪ, ಬೆಂಚಿನ ತುದಿಯಲ್ಲಿ ಕೂತಿದ್ದರು.

ಮೊಬೈಲು ನಮ್ಮ ಕಡೆಗೆ ಆಗಷ್ಟೇ ಬಂದಿದ್ದ ವರ್ಷಗಳು. ನಾನು ನರಸಿಂಹರಾಜಪುರದಿಂದ ಕೊಪ್ಪದ ಮೇಲೆ ಶೃಂಗೇರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಎರಡು ವರ್ಷದಿಂದ ಅರೆತಲೆನೋವು. ನೋವಿಗೆ ಮೊದಲು ಕಣ್ಣಲ್ಲಿ ಅಂಕುಡೊಂಕು ಬೆಳಕು ಮಿನುಗಿ, ನೋಡಿದ್ದರಲ್ಲಿ ಅರ್ಧ ಅಳಿಸಿಹೋಗುತ್ತಿತ್ತು. ಕಂಡಕ್ಟರ್‌ಗೆ ತಲೆನೋವಷ್ಟೇ ಗೊತ್ತು.

"ಎಂತ ಮಾರಾಯ, ಹೆಂಗಸ್ರ ತಲೆನೋವು ನಿಂಗೆ ಅಂಟ್ಕಂಡಿದೆ!" ಎಂದು ನಗುತ್ತಿದ್ದ. ನಾನು ಹಣೆಗೆ ಮುಲಾಮು ತಿಕ್ಕಿ ಗಾಡಿ ಓಡಿಸುತ್ತಿದ್ದೆ. ಹುತ್ತ ಬಡಿದರೆ ಹಾವು ಸಾಯುತ್ತದೆಯೇ?

ಡಾಕ್ಟರು ನಗಲಿಲ್ಲ. "ಗಂಡಸರಿಗೂ ಮೈಗ್ರೇನ್ ಬರುತ್ತೆ. ಗಂಡು ಹಾರ್ಮೋನು ಕಡಿಮೆಯಾಗಿದ್ರೆ ಅದಕ್ಕೂ ಇದಕ್ಕೂ ನಂಟಿರಬಹುದು, ಖಚಿತವಾಗಿ ಹೇಳಕ್ಕಾಗಲ್ಲ. ಸುಸ್ತಿದೆಯಾ? ಗಡ್ಡ ಮೊದಲಿನಷ್ಟೇ ಬೆಳೆಯುತ್ತಾ? ಹೆಂಡತಿ ಮೇಲೆ ಆಸೆ ಮೊದಲಿನ ಹಾಗೇ ಇದೆಯಾ?"

ಬೆಂಚಿನ ಮೇಲಿನ ಕೆಮ್ಮೂ ನಿಂತಿತು. ಮಾವ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

"ಎಲ್ಲಾ ಸರಿ ಇದೆ ಡಾಕ್ಟ್ರೇ," ಅಂದೆ. ಒಂದೂ ಸರಿಯಿರಲಿಲ್ಲ. ಕೆಲಸ ಹೋಗುವ ಭಯಕ್ಕೆ ಕಣ್ಣಿನ ಬೆಳಕಿನ ಸುದ್ದಿಯನ್ನಂತೂ ಎತ್ತಲೇ ಇಲ್ಲ. ಅವರು ನಂಬಿ, ರಕ್ತಪರೀಕ್ಷೆಯ ಮಾತೆತ್ತದೆ ನೋವಿನ ಮಾತ್ರೆ ಬರೆದರು. ಗೆದ್ದೆ ಎಂದುಕೊಂಡು ಹೊರಗೆ ಬಂದೆ. ಎಂಥ ಪೆದ್ದ ನಾನು!

ಮುಂದಿನ ವಾರ, ಬೆಳಗಿನ ಟ್ರಿಪ್ಪು. ಬಸ್ಸಿನ ತುಂಬ ಕಾಲೇಜಿನ ಮಕ್ಕಳು. ಬಾಳಗಡಿ ಹತ್ತಿರದ ತಿರುವಿಗೆ ಬರುವಾಗ ಆ ಬೆಳಕು ಬಂತು. ರಸ್ತೆಯ ಬಲಭಾಗ ಮಾಯ. ಅದೇ ಕಡೆಯಿಂದ ಲಾರಿಯ ಹಾರನ್ ಕೇಳಿತು, ಲಾರಿ ಕಾಣಲಿಲ್ಲ. ಎಡಕ್ಕೆ ಎಳೆದು ಬ್ರೇಕ್ ಮೇಲೆ ನಿಂತೇಬಿಟ್ಟೆ. ಮುಂದಿನ ಚಕ್ರ ಚರಂಡಿಯ ಅಂಚಿಗೆ ಬಂದು ನಿಂತಿತು. ಲಾರಿ ನಮ್ಮನ್ನು ಸವರಿಕೊಂಡು ಹೋಯಿತು. ಹಿಂದೆ ಮಕ್ಕಳು ಕಿರುಚುತ್ತಿದ್ದರು. ಕಂಡಕ್ಟರ್ ಈ ಸಲ ನಗಲಿಲ್ಲ.

ಮನೆಯಲ್ಲಿ ಹೆಂಡತಿಗೆ ಆ ಬೆಳಕಿನ ವಿಷಯ ಹೇಳಿದೆ, ಉಳಿದದ್ದನ್ನು ನುಂಗಿಕೊಂಡೆ. "ನಾಳೆ ನಾನೂ ಬರ್ತೀನಿ," ಅಂದಳು.

ಮತ್ತೆ ಅದೇ ಕೋಣೆ. ಬೆಂಚಿನ ಮೇಲೆ ಮೂವರು, ಒಬ್ಬ ನಮ್ಮ ಬಸ್ಸಿನ ದಿನದ ಗಿರಾಕಿ. ಡಾಕ್ಟರು ಕಣ್ಣಿನ ಸುದ್ದಿ ಕೇಳಿ ಗಂಭೀರವಾಗಿ, ಹಳೆಯ ಪ್ರಶ್ನೆಗಳನ್ನೇ ಮತ್ತೆ ಕೇಳಿದರು. ನನ್ನ ಬಾಯಿ ತಾನಾಗಿಯೇ "ಎಲ್ಲಾ ಸರಿ..." ಎಂದು ಶುರುಮಾಡಿತು.

"ಸುಳ್ಳು ಡಾಕ್ಟ್ರೇ," ಅಂದಳು ಹೆಂಡತಿ. ಧ್ವನಿ ತಗ್ಗಿಸಲಿಲ್ಲ. "ಎರಡು ವರ್ಷ ಆಯ್ತು ಇವ್ರು ನನ್ನ ಹತ್ರ ಬಂದು. ನಾನೇ ಬೇಡ ಆದೆ ಅಂತ ಸುಮ್ನಿದ್ದೆ."

ಬೆಂಚಿನ ಕಡೆ ನೋಡಬೇಕೆಂದು ನನಗೆ ನೆನಪಾಗಲೇ ಇಲ್ಲ. ಡಾಕ್ಟರು ರಕ್ತಪರೀಕ್ಷೆಗೆ ಬರೆದು, ತಾವು ಹೇಳುವವರೆಗೆ ಸ್ಟೇರಿಂಗ್ ಮುಟ್ಟಕೂಡದೆಂದರು. ಗಂಡು ಹಾರ್ಮೋನು ಕಡಿಮೆಯೆಂದು ಆಮೇಲೆ ವರದಿಯಲ್ಲಿ ಬಂತು.

ಅವತ್ತು ಡಾಕ್ಟರ ಹತ್ತಿರದಿಂದ ಮನೆಗೆ ಮರಳುವಾಗ ನನ್ನದೇ ಬಸ್ಸಿನಲ್ಲಿ, ಬೇರೆ ಡ್ರೈವರನ ಹಿಂದಿನ ಸೀಟಿನಲ್ಲಿ ಹೆಂಡತಿಯ ಪಕ್ಕ ಕೂತೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

"ನಿಂದೆಂತ ತಪ್ಪೂ ಇರ್ಲಿಲ್ಲ," ಅಂದೆ. ಕಂಡಕ್ಟರ್ ಟಿಕೆಟ್ ಕೊಡಲು ಬಂದು ಪಕ್ಕದಲ್ಲೇ ನಿಂತಿದ್ದ. ಅವನಿಗೂ ಕೇಳುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ.