ಗೋಲ್ ಮುಂದಿನ ಹುಲ್ಲು ಮತ್ತು ಮೂವರು ಅಭಿಮಾನಿಗಳು

ಬೆಳಗಿನ ಮಬ್ಬು ಇನ್ನೂ ಕರಗಿಲ್ಲ. ಫುಟ್‌ಬಾಲ್ ಕ್ಲಬ್ಬಿನ ಗೇಟು ತೆಗೆದು ಒಳಗೆ ಬಂದ, ಗ್ರೌಂಡ್ ನೋಡಿಕೊಳ್ಳುವ ಹುಲ್ಲಕ್ಕ ನಾಲ್ಕು ಹೆಜ್ಜೆ ಇಟ್ಟು ನಿಂತುಬಿಡುತ್ತಾರೆ. ನಿನ್ನೆ ಸಂಜೆಯವರೆಗೆ ಬೋಳಾಗಿದ್ದ ಗೋಲ್ ಮುಂದಿನ ನೆಲ ಈಗ ಹಸಿರಾಗಿದೆ. ಒಂದು ಗಳಿಗೆ ಅವರ ಎದೆ ಹಿಗ್ಗುತ್ತದೆ. ಹತ್ತಿರ ಹೋಗಿ, ಬಗ್ಗಿ, ನೆಲ ಸವರುತ್ತಾರೆ. ಅಂಗೈಗೆ ಹಸಿರು ಮೆತ್ತಿಕೊಳ್ಳುತ್ತದೆ. ಮೂಗಿಗೆ ಹಿಡಿದರೆ ಬಾಗಿಲಿಗೆ ಹೊಡೆಯುವ ಬಣ್ಣದ ವಾಸನೆ.

“ಪೇಂಟು! ಮಣ್ಣಿಗೆ ಪೇಂಟು ಹೊಡ್ದಿದ್ದಾರೆ, ಮಹಾನುಭಾವರು!”

ಹೊಡೆದವರನ್ನು ಹಿಡಿಯಲು ಪೊಲೀಸರು ಬೇಕಿಲ್ಲ. ಗೇಟಿನ ಇನ್ನೊಂದು ಬೀಗದ ಕೈ ಇರುವುದು ಹುಲ್ಲಕ್ಕನ ಮನೆಯಲ್ಲೇ, ಅವರ ಗಂಡನ ಅಂಗಿ ತೂಗುಹಾಕುವ ಮೊಳೆಯ ಪಕ್ಕದಲ್ಲಿ.

ಈ ಕ್ಲಬ್ಬಿಗೆ ಅಭಿಮಾನಿಗಳು ಸಾವಿರಾರು ಮಂದಿ. ಆದರೆ ಹುಲ್ಲಕ್ಕನ ತಲೆನೋವು ಮೂವರೇ: ಬಸ್ ಡ್ರೈವರ್ ಕೆಲಸದಿಂದ ನಿವೃತ್ತರಾದ ಗಂಡ, ಒಬ್ಬ ದರ್ಜಿ, ಒಬ್ಬ ಗಡಿಯಾರ ರಿಪೇರಿಯವರು. ದಿನ ಬೆಳಗಾದರೆ ಗ್ರೌಂಡಿನ ಬದಿಯ ಇಳಿಜಾರಿನಲ್ಲಿ ಕೂತು ಹಳೆಯ ಆಟಗಾರರ ಪುರಾಣ ಬಿಚ್ಚುತ್ತಾರೆ. ಈಗಿನ ತಂಡದ ಹನ್ನೊಂದು ಜನರ ಹೆಸರು ಕೇಳಿ, ಮೂವರೂ ತಡವರಿಸುತ್ತಾರೆ. ‘ರೈಲು’ ಎಂಬ ಅಡ್ಡಹೆಸರಿನ ಓಟಗಾರನ ಮಾತೆತ್ತಿ ನೋಡಿ, ಮಧ್ಯಾಹ್ನದ ಊಟವೂ ಮರೆತುಹೋಗುತ್ತದೆ.

“ರೈಲು ಅಂದ್ರೆ ರೈಲೇ. ಪಾಸ್ ಕೊಡೋಕೂ ನಿಲ್ತಿರ್ಲಿಲ್ಲ!” ಎಂದು ದರ್ಜಿ ತೊಡೆ ತಟ್ಟುತ್ತಾರೆ.

“ಅದಕ್ಕೇ ಆ ವರ್ಷ ಸೋತಿದ್ದು,” ಎಂದು ಗಡಿಯಾರದವರು ಗೊಣಗುತ್ತಾರೆ.

ಎಲ್ಲಕ್ಕಿಂತ ದೊಡ್ಡ ಪುರಾಣ ‘ಗೋಡೆ’ಯದು. ಗೋಡೆ ಎಂದರೆ ಕ್ಲಬ್ಬಿನ ಹಳೆಯ ಗೋಲ್‌ಕೀಪರ್, ತೀರಿಕೊಂಡು ವರ್ಷವಾಯಿತು. ಫೈನಲ್‌ನ ಕೊನೆಯ ಗಳಿಗೆಯಲ್ಲಿ ಆತ ಪೆನಾಲ್ಟಿ ತಡೆದದ್ದನ್ನು ಮೂವರೂ ಕಣ್ಣಾರೆ ಕಂಡಿದ್ದಾರೆ. ತಡೆದದ್ದು ಬಲಗೈಯಲ್ಲೋ ಎಡಗೈಯಲ್ಲೋ ಎಂಬುದು ಮಾತ್ರ ಇಂದಿಗೂ ಬಗೆಹರಿದಿಲ್ಲ. ಕಳೆದ ವಾರ ಅದನ್ನು ಬಗೆಹರಿಸಿಯೇ ತೀರುತ್ತೇವೆಂದು ಮೂವರೂ ಹಗ್ಗ ದಾಟಿ ಗೋಲ್ ಮುಂದೆ ಹೋದರು. ಡ್ರೈವರ್ ಚೆಂಡು ಒದ್ದರು, ದರ್ಜಿ ಎಡಕ್ಕೆ ಹಾರಿ ಬಿದ್ದರು, ಗಡಿಯಾರದವರು ಒಪ್ಪಲಿಲ್ಲ. ಮತ್ತೆ ಹಾರಿದರು, ಮತ್ತೆ ಬಿದ್ದರು. ಹುಲ್ಲಕ್ಕ ಬೀಜ ಬಿತ್ತಿ, ಗೋಣಿ ಹೊದಿಸಿ, ಹಕ್ಕಿ ಓಡಿಸಿ, ಮಗುವಿನಂತೆ ಸಾಕಿದ್ದ ಎಳೆ ಹುಲ್ಲೆಲ್ಲ ಕಿತ್ತುಬಂತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಸಂಕಟ ಸಣ್ಣದಲ್ಲ. ಶನಿವಾರ ಲೀಗಿನವರು ನೆಲ ಪರೀಕ್ಷೆಗೆ ಬರುತ್ತಾರೆ. ಗೋಲ್ ಮುಂದೆ ಹೀಗೆ ಬೋಳಾಗಿದ್ದರೆ ಭಾನುವಾರದ ಪಂದ್ಯ ಬೇರೆ ಊರಿನ ಪಾಲು. “ನಾನು ಇರೋವಾಗ ಒಂದು ಮ್ಯಾಚೂ ಆಚೆ ಹೋಗಿಲ್ಲ,” ಎನ್ನುತ್ತಾರೆ ಹುಲ್ಲಕ್ಕ. “ಈಗ ಹೋಗೋದು ಇವರ ಹಾರಾಟಕ್ಕೆ. ಯಾರ ಹತ್ರ ಹೇಳ್ಕೊಳ್ಳಲಿ?”

ಗ್ರೌಂಡ್ ನೋಡಿಕೊಳ್ಳುತ್ತಿದ್ದವರು ಅವರ ಮಾವ. ಮಾವನ ಸೊಂಟ ಹಿಡಿದುಕೊಂಡಾಗ “ಒಂದು ವಾರ ನೀರು ಬಿಟ್ಟು ಬಾ ತಾಯಿ” ಎಂದು ಸೊಸೆಯನ್ನು ಕಳಿಸಿದರು. ಆ ಒಂದು ವಾರಕ್ಕೀಗ ಮೂವತ್ತು ವರ್ಷ. ಹುಲ್ಲು ಕತ್ತರಿಸುವ ಯಂತ್ರ ವಾರಕ್ಕೊಮ್ಮೆ ಮುನಿಸಿಕೊಳ್ಳುತ್ತದೆ. ಅದರ ಹೊಟ್ಟೆ ಬಿಚ್ಚಿ ಸಮಾಧಾನ ಮಾಡುವವರೂ ಇವರೇ. ಪಂದ್ಯ ಮುಗಿದು ಜನ ಮನೆ ಸೇರಿದ ಮೇಲೆ ಮೊಣಕಾಲೂರಿ, ಬೂಟು ಒತ್ತಿದ ಗುಳಿಗಳಿಗೆ ಮರಳು ತುಂಬುತ್ತಾರೆ. ಮೊಣಕಾಲು ಸವೆದಿದೆ. ಡಾಕ್ಟರು ಮೊಣಕಾಲೂರಬೇಡಿ ಎಂದಿದ್ದಾರೆ. “ನಿಂತ್ಕೊಂಡು ಗುಳಿ ಮುಚ್ಚೋದು ಹೇಗೆ ಅಂತ ಅವರು ಹೇಳ್ಕೊಡ್ಲಿಲ್ಲ,” ಎಂದು ನಗುತ್ತಾರೆ.

ಪೇಂಟು ಕಂಡ ಬೆಳಗ್ಗೆಯೂ ಮೂವರು ಏನೂ ಅರಿಯದವರಂತೆ ಬಂದು ಇಳಿಜಾರಿನಲ್ಲಿ ಕೂರುತ್ತಾರೆ. ಗಂಡನ ಉಗುರಿನ ಸಂದಿಯಲ್ಲಿ ಹಸಿರು.

“ರೀ, ಏನಿದು?”

“ದೂರದಿಂದ ನೋಡು, ಗೊತ್ತೇ ಆಗಲ್ಲ.”

“ಪರೀಕ್ಷೆ ಮಾಡೋರು ದೂರದಿಂದ ಬೈನಾಕ್ಯುಲರ್ ಹಿಡ್ಕೊಂಡು ನೋಡ್ತಾರಾ? ಬೂಟ್ ಕಾಲಲ್ಲಿ ಒತ್ತಿ ನೋಡ್ತಾರೆ! ಈಗ ಆ ಮಣ್ಣನ್ನೂ ಕೆತ್ತಿ ತೆಗೀಬೇಕು. ನಿಮ್ಮ ಉಪಕಾರ ಸಾಕಪ್ಪಾ ಸಾಕು.”

“ಏನೋ ಒಳ್ಳೇದಾಗ್ಲಿ ಅಂತ ಮಾಡಿದ್ವಿ ಅಕ್ಕಾ,” ಎಂದು ದರ್ಜಿ ತಲೆ ಕೆರೆದುಕೊಳ್ಳುತ್ತಾರೆ.

ಬೀಜಕ್ಕೆ ಸಮಯವಿಲ್ಲ. ಉಳಿದ ದಾರಿ ಒಂದೇ: ಬೇರೆಡೆ ಬೆಳೆದ ಹುಲ್ಲನ್ನು ಬೇರು ಮಣ್ಣು ಸಮೇತ ದಪ್ಪಗೆ ಕೊಯ್ದು ತಂದು ಕೂರಿಸುವುದು. ಅಂಥ ಹುಲ್ಲು ಈ ಗ್ರೌಂಡಿನಲ್ಲಿ ಇರುವುದು ಒಂದೇ ಕಡೆ, ಈ ಮೂವರು ಕೂರುವಲ್ಲಿ, ಅವರ ನಡುವೆ. ಆಟ ಬಿಟ್ಟ ಮೇಲೆ ಗೋಡೆ ಬಂದು ಕೂರುತ್ತಿದ್ದ ಜಾಗ ಅದು. ಆತ ಹೋದಮೇಲೆ ಅಲ್ಲಿ, ಅದರ ಹಿಂದೆ ಮುಂದೆಯೂ, ಯಾರೂ ಕೂರಕೂಡದೆಂದು ಮೂವರೂ ಕಾವಲು ಕಾದಿದ್ದಾರೆ. ತುಳಿಯುವವರಿಲ್ಲದೆ ಹುಲ್ಲು ಕಂಬಳಿಯಂತೆ ದಟ್ಟವಾಗಿದೆ.

ಹುಲ್ಲಕ್ಕ ಸನಿಕೆ ಹಿಡಿದು ಬಂದಾಗ ಮೂವರೂ ಎದ್ದು ಅಡ್ಡ ನಿಲ್ಲುತ್ತಾರೆ.

“ಇದೊಂದು ಬೇಡ ಅಕ್ಕಾ,” ಎನ್ನುತ್ತಾರೆ ಗಡಿಯಾರದವರು. “ಅವನದ್ದು ಅಂತ ನಮಗೆ ಉಳಿದಿರೋದು ಇಷ್ಟೇ.”

ಹುಲ್ಲಕ್ಕನ ಸಿಟ್ಟು ನೆತ್ತಿಗೇರುತ್ತದೆ. “ಆಯ್ತು, ಇಟ್ಕೊಳ್ಳಿ! ಭಾನುವಾರ ಮ್ಯಾಚ್ ಬೇರೆ ಊರಲ್ಲಿ. ಇಲ್ಲಿ ಖಾಲಿ ಗ್ರೌಂಡ್ ಮುಂದೆ ಕೂತು ಪುರಾಣ ಓದಿ. ಹದಿನೆಂಟು ವರ್ಷ ಅವನು ನಿಂತಿದ್ದು ಎಲ್ಲಿ? ಆ ಎರಡು ಕಂಬದ ಮಧ್ಯೆ. ಇಲ್ಲಿ ಕೂತಿದ್ದು ನಿಮ್ಮ ಕಾಟ ತಡೀಲಾರದೆ!”

ಗಂಡ ಮುಂದೆ ಬಂದು ಹೆಂಡತಿಯ ಕೈಯಿಂದ ಸನಿಕೆ ತೆಗೆದುಕೊಳ್ಳುತ್ತಾರೆ. “ಎಷ್ಟು ಆಳ ಕೊಯ್ಯಬೇಕು, ಹೇಳು.”

ಅಂದು ಮೂವರೂ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ದುಡಿಯುತ್ತಾರೆ. ಬಣ್ಣದ ಮಣ್ಣು ಕೆತ್ತಿ ಹೊರಗೆ ಸುರಿಯುತ್ತಾರೆ, ಕೊಯ್ದ ಹುಲ್ಲನ್ನು ಮಲಗಿದ ಕೂಸನ್ನು ಎತ್ತಿದಂತೆ ಎತ್ತಿ ತರುತ್ತಾರೆ. ಹುಲ್ಲಕ್ಕ ತುಂಡಿಗೆ ತುಂಡು ಒತ್ತಿ ಕೂರಿಸಿ, ಸಂದಿಗೆ ಮರಳು ತುಂಬಿ, ಹಲಗೆಯಿಂದ ತಟ್ಟುತ್ತಾರೆ. ಇಡೀ ಶುಕ್ರವಾರ ನೀರು ಕುಡಿಸುತ್ತಾರೆ. ಶನಿವಾರ ಲೀಗಿನವರು ಬಂದು ಬೂಟಿನಿಂದ ಒತ್ತುತ್ತಾರೆ, ಹಿಮ್ಮಡಿಯಿಂದ ತಿರುಚುತ್ತಾರೆ, ‘ಸರಿ’ ಎಂದು ತಲೆಯಾಡಿಸಿ ಹೊರಡುತ್ತಾರೆ. ಹುಲ್ಲಕ್ಕನಿಗೆ ಒಂದು ನಮಸ್ಕಾರವೂ ಇಲ್ಲ.

ಭಾನುವಾರ ಗ್ರೌಂಡ್ ತುಂಬಿದೆ. ಮೂವರೂ ಬೋಳು ಮಣ್ಣಿನ ಮೇಲೆ ಕಾಗದ ಹಾಸಿ ಕೂತಿದ್ದಾರೆ, ಬಲಗೈ ಎಡಗೈ ಜಗಳ ಆಗಲೇ ಶುರುವಾಗಿದೆ. ಹುಲ್ಲಕ್ಕ ಗೋಲಿನ ಹಿಂದೆ ಮರಳಿನ ಬಕೆಟ್ಟಿನ ಪಕ್ಕ ನಿಂತಿದ್ದಾರೆ. ಅವರು ಆಟ ನೋಡುವುದಿಲ್ಲ, ನೆಲ ನೋಡುತ್ತಾರೆ. ಈಗಿನ ಗೋಲ್‌ಕೀಪರ್ ಉದ್ದಕ್ಕೆ ಹಾರಿ ಚೆಂಡು ಹಿಡಿದು, ಹೊಸ ಹುಲ್ಲಿನ ಮೇಲೆ ಜಾರಿ ಏಳುತ್ತಾನೆ. ಜನ ಕೂಗುತ್ತಾರೆ. ಹುಲ್ಲು ಕದಲಿಲ್ಲ.

ಗೋಡೆ ಪೆನಾಲ್ಟಿ ತಡೆದ ದಿನವೂ ಹುಲ್ಲಕ್ಕ ಇದೇ ಜಾಗದಲ್ಲಿ ನಿಂತಿದ್ದರು. ಯಾವ ಕೈ ಎಂದು ಕೇಳಿದರೆ ಸಿಡುಕುತ್ತಾರೆ.

“ಕೈ ಯಾರು ನೋಡಿದ್ರು? ಹುಲ್ಲಿನ ಮೇಲೆ ಬಿದ್ದು ಎದ್ದವನೇ ನನ್ನ ಕಡೆ ತಿರುಗಿ ಎರಡೂ ಮೊಣಕೈ ಎತ್ತಿ ತೋರಿಸಿದ. ಒಂದೂ ತರಚು ಗಾಯ ಇರ್ಲಿಲ್ಲ.”